ಹೋಮರನ ತಲೆಗೆ ಶೆಲ್ಫಿನಲ್ಲಿ ಜಾಗವಿಲ್ಲ

2005ರ ಆಗಸ್ಟಿನಲ್ಲಿ ಅಮೆರಿಕದ ಕಾರ್ಟೂನ್ ಅಭಿಮಾನಿಗಳಿಗೆ ಘೋರ ಅನ್ಯಾಯವಾಯಿತು. ‘ದಿ ಸಿಂಪ್ಸನ್ಸ್’ ಧಾರಾವಾಹಿಯ ಆರನೇ ಸೀಸನ್ನಿನ ಡಿವಿಡಿ ಬಿಡುಗಡೆಯಾಯಿತು. ಕಂತುಗಳು ಸರಿಯಾಗಿದ್ದವು. ಬರೆದವರು, ನಿರ್ದೇಶಿಸಿದವರು ಕೂತು ಹರಟೆ ಹೊಡೆಯುವ ಕಾಮೆಂಟರಿಯೂ ಇತ್ತು. ಆದರೆ ಫಾಕ್ಸ್ ಕಂಪನಿಯವರಿಗೆ ಏನನ್ನಿಸಿತೋ ಏನೋ, ಡಬ್ಬಿಯನ್ನು ಚೌಕ ಮಾಡುವ ಬದಲು ಹಳದಿ ಪ್ಲಾಸ್ಟಿಕ್ಕಿನಲ್ಲಿ ಆ ಮನೆಯ ಅಪ್ಪ ಹೋಮರ್ ಸಿಂಪ್ಸನ್ನನ ತಲೆ ಮಾಡಿ, ಅದರೊಳಗೆ ಡಿಸ್ಕ್ ತುಂಬಿ ಅಂಗಡಿಗೆ ಕಳಿಸಿಬಿಟ್ಟರು.

ಅಷ್ಟೇ ಸಾಕಾಯಿತು. ಮೊದಲ ಐದು ಸೀಸನ್ನುಗಳು ಶೆಲ್ಫಿನಲ್ಲಿ ಬೆನ್ನು ತೋರಿಸಿಕೊಂಡು ಶಿಸ್ತಾಗಿ ನಿಂತಿದ್ದವು. ಪಕ್ಕಕ್ಕೆ ಈ ತಲೆ ಬಂದು ಕೂತರೆ ಸಾಲಿನ ಗತಿ ಏನು? ಏಳನೆಯದನ್ನು ಎಲ್ಲಿಡುವುದು? ಇಪ್ಪತ್ತೈದು ಕಂತುಗಳ ಹಾಸ್ಯದ ಬಗ್ಗೆ ಒಬ್ಬರೂ ತುಟಿ ಬಿಚ್ಚಲಿಲ್ಲ. ಹೋಮರನ ಹಣೆಯ ಅಗಲದ ಬಗ್ಗೆ ಮಾತ್ರ ಮಾತೋ ಮಾತು. ಕೊನೆಗೆ ಕಂಪನಿಯೇ ಸೋತಿತು. ತಲೆ ಬೇಡ ಅನ್ನುವವರು ಸಾಗಾಣಿಕೆ ಖರ್ಚು ಕೊಟ್ಟರೆ ಮಾಮೂಲಿ ಡಬ್ಬಿ ಕಳಿಸಿಕೊಡುತ್ತೇವೆ ಅಂದಿತು. ಅಭಿಮಾನಿಗಳು ಬೈಯುತ್ತಲೇ ದುಡ್ಡು ಕಳಿಸಿ ಡಬ್ಬಿ ತರಿಸಿಕೊಂಡರು. ಹಾಗಾದರೆ ತಲೆಯನ್ನು ಬಿಸಾಕಿದರಾ? ಛೆ ಛೆ. ಮುಂದೆ ಅದಕ್ಕೆ ಬೆಲೆ ಬರುತ್ತದಲ್ವಾ.

ಕಂಪನಿ ಇದರಿಂದ ಪಾಠ ಕಲಿಯಿತು. ಏಳನೇ ಸೀಸನ್ನಿಗೆ ಮಾರ್ಜ್ ತಲೆ, ಎಂಟಕ್ಕೆ ಮ್ಯಾಗಿ, ಒಂಬತ್ತಕ್ಕೆ ಲೀಸಾ, ಹತ್ತಕ್ಕೆ ಬಾರ್ಟ್. ಮಾಮೂಲಿ ಡಬ್ಬಿಯೂ ಸಿಗುತ್ತದೆ, ತಲೆಯೂ ಸಿಗುತ್ತದೆ. ಹೋಮರನನ್ನು ಬೈದವರೇ ಈಗ ಮನೆಮಂದಿಯನ್ನೆಲ್ಲ ಕೂಡಿಸಬೇಕಾಯಿತು. ಅಪ್ಪನ ತಲೆಯೊಂದೇ ಇದ್ದರೆ ಚೆನ್ನಾಗಿ ಕಾಣುವುದಿಲ್ಲ ನೋಡಿ.

ಈ ಶೆಲ್ಫಿನ ಕಷ್ಟ ಅಲ್ಲಿಗೆ ಮುಗಿಯಲಿಲ್ಲ. 2010ರ ಜನವರಿಯಲ್ಲಿ ಅದೇ ಕಂಪನಿ ಇಪ್ಪತ್ತನೇ ಸೀಸನ್ನನ್ನು ಬಿಡುಗಡೆ ಮಾಡಿತು. ಅಷ್ಟು ಹೊತ್ತಿಗೆ ಹೊರಬಂದಿದ್ದದ್ದು ಹನ್ನೆರಡು ಸೀಸನ್ ಮಾತ್ರ. ಧಾರಾವಾಹಿಗೆ ಇಪ್ಪತ್ತು ವರ್ಷ ತುಂಬಿತು, ಅದಕ್ಕೇ ಇಪ್ಪತ್ತನೆಯದು ಮೊದಲು ಅನ್ನುವ ಲೆಕ್ಕಾಚಾರ. ಕಾಮೆಂಟರಿಯೂ ಇರಲಿಲ್ಲ. ಅಭಿಮಾನಿಗಳು ಉರಿದುಬಿದ್ದರು. ಉರಿಯುತ್ತಲೇ ಕೊಂಡರು. ಕೊಂಡಮೇಲೆ ಅಸಲಿ ಸಮಸ್ಯೆ ಎದುರಾಯಿತು. ಹನ್ನೆರಡರ ಪಕ್ಕಕ್ಕೆ ಇಪ್ಪತ್ತನ್ನು ಇಟ್ಟರೆ ಲೆಕ್ಕ ತಪ್ಪುತ್ತದೆ. ಏಳು ಡಬ್ಬಿಯ ಜಾಗ ಬಿಟ್ಟು ಇಟ್ಟರೆ ಮನೆಗೆ ಬಂದವರು ‘ಇಲ್ಲಿದ್ದದ್ದು ಯಾರಾದ್ರೂ ಕದ್ದರಾ?’ ಅಂತ ಕೇಳುತ್ತಾರೆ.

ಆ ಜಾಗ ತುಂಬುವುದಕ್ಕೆ ಹತ್ತಿರಹತ್ತಿರ ಹತ್ತು ವರ್ಷ ಬೇಕಾಯಿತು. ಹದಿಮೂರರಿಂದ ಹದಿನೇಳರವರೆಗೆ ನಿಧಾನಕ್ಕೆ ಬಂದವು. 2015ರ ಏಪ್ರಿಲಿನಲ್ಲಿ ‘ಇನ್ನು ಡಿವಿಡಿ ಇಲ್ಲ’ ಅನ್ನುವ ಸುದ್ದಿ ಬಂತು. ಅಂದರೆ ಹದಿನೆಂಟು ಮತ್ತು ಹತ್ತೊಂಬತ್ತು ಇಲ್ಲ, ಇಪ್ಪತ್ತು ಇದೆ. ಇದಕ್ಕಿಂತ ಆರಕ್ಕೇ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಆಮೇಲೆ ಮನಸ್ಸು ಕರಗಿ 2017ರ ಡಿಸೆಂಬರಿನಲ್ಲಿ ಹದಿನೆಂಟು, 2019ರ ಡಿಸೆಂಬರಿನಲ್ಲಿ ಹತ್ತೊಂಬತ್ತು ಕೊಟ್ಟರು. ಶೆಲ್ಫ್ ಭರ್ತಿಯಾಯಿತು. ಇವಕ್ಕೆ ಸುತ್ತಿದ ಪ್ಲಾಸ್ಟಿಕ್ ಹರಿದು ಡಿಸ್ಕನ್ನು ಪ್ಲೇಯರಿಗೆ ಹಾಕಿದವರು ಎಷ್ಟು ಜನ ಅಂತ ಮಾತ್ರ ಕೇಳಬೇಡಿ. ಅದು ಅವರವರ ಖಾಸಗಿ ವಿಷಯ.

ಇನ್ನು ಕಪ್ಪು ಪಟ್ಟಿಯ ಜಗಳಕ್ಕೆ ಬರೋಣ. ಇದು ಸುಮ್ನೆ ನಕ್ಕು ಬಿಡುವ ಜಗಳವಲ್ಲ.

ಹಳೆಯ ಕಾರ್ಟೂನುಗಳನ್ನು ಹಳೆಯ ಟಿವಿಗೆ ಅಂತ ಮಾಡಿದ್ದರು. ನಾಲ್ಕು ಅಗಲ, ಮೂರು ಎತ್ತರ. ಈಗಿನ ಟಿವಿ ಹದಿನಾರು ಅಗಲ, ಒಂಬತ್ತು ಎತ್ತರ. ಹಳೆಯ ಚಿತ್ರವನ್ನು ಹಾಗೇ ಹಾಕಿದರೆ ಎರಡೂ ಪಕ್ಕದಲ್ಲಿ ಕಪ್ಪು ಪಟ್ಟಿ ಉಳಿಯುತ್ತದೆ. ಕೆಲವರಿಗೆ ಇದು ಸಹಿಸಲಾಗದ ನಷ್ಟ. ಐವತ್ತೈದು ಇಂಚಿಗೆ ದುಡ್ಡು ಕೊಟ್ಟಿದ್ದೇವೆ, ಐವತ್ತೈದು ಇಂಚೂ ಬೆಳಗಬೇಕು. ಅವರನ್ನು ಸಮಾಧಾನ ಮಾಡುವುದಕ್ಕೆ ಕಂಪನಿಗಳು ಚಿತ್ರವನ್ನು ಹಿಗ್ಗಿಸಿ, ಮೇಲೂ ಕೆಳಗೂ ಒಟ್ಟು ಕಾಲು ಭಾಗದಷ್ಟು ಕತ್ತರಿಸಿ ಹಾಕುತ್ತವೆ. ಮದುವೆ ಫೋಟೋ ಫ್ರೇಮಿಗೆ ಹಿಡಿಸಲಿಲ್ಲ ಅಂತ ಹಿಂದಿನ ಸಾಲಿನ ಅಜ್ಜಿಯ ತಲೆ ಕತ್ತರಿಸಿದ ಹಾಗೆ.

2019ರ ನವೆಂಬರಿನಲ್ಲಿ ಡಿಸ್ನಿ ಪ್ಲಸ್ ಶುರುವಾದಾಗ ಸಿಂಪ್ಸನ್ಸ್‌ನ ಹಳೆಯ ಕಂತುಗಳಿಗೆ ಇದೇ ಗತಿಯಾಯಿತು. ಒಂದು ಕಂತಿನಲ್ಲಿ ಹೋಮರ್ ಡಫ್ ಬಿಯರ್ ಕಾರ್ಖಾನೆ ನೋಡಲು ಹೋಗುತ್ತಾನೆ. ಅಲ್ಲಿ ಮೂರು ದೊಡ್ಡ ತೊಟ್ಟಿಗಳಿವೆ. ಡಫ್, ಡಫ್ ಲೈಟ್, ಡಫ್ ಡ್ರೈ ಅಂತ ಒಂದೊಂದರ ಮೇಲೂ ಹೆಸರು. ಮೂರಕ್ಕೂ ಮೇಲಿನ ಒಂದೇ ಪೈಪಿನಿಂದ ಬಿಯರ್ ಬರುತ್ತಿರುತ್ತದೆ. ಜೋಕ್ ಇರುವುದೇ ಆ ಪೈಪಿನಲ್ಲಿ. ಕತ್ತರಿಸಿದ ಚಿತ್ರದಲ್ಲಿ ಪೈಪೇ ಇಲ್ಲ. ಮೂರು ತೊಟ್ಟಿ ಸುಮ್ಮನೆ ನಿಂತಿರುತ್ತವೆ, ನೋಡುವವರೂ ಸುಮ್ಮನೆ ಕೂತಿರುತ್ತಾರೆ. ಅಭಿಮಾನಿಗಳು ಆ ಚಿತ್ರವನ್ನು ಅಕ್ಕಪಕ್ಕ ಇಟ್ಟು ಊರೆಲ್ಲ ತೋರಿಸಿದರು. 2020ರ ಮೇ ತಿಂಗಳಲ್ಲಿ ಡಿಸ್ನಿ ಹಳೆಯ ಅಳತೆಯಲ್ಲೇ ನೋಡುವ ಆಯ್ಕೆ ಕೊಟ್ಟಿತು. ಇದರಲ್ಲಿ ನಾನು ಅಭಿಮಾನಿಗಳ ಕಡೆಯೇ. ಜೋಕ್ ಕತ್ತರಿಸಿ ಜೋಕ್ ಮಾರಿದರೆ ಬೈಯದೆ ಇನ್ನೇನು ಮಾಡಬೇಕು?

ಆದರೆ ನ್ಯಾಯದ ಕಡೆಗಿದ್ದವರು ಪರ್ಸನ್ನು ಜೇಬಿನಲ್ಲೇ ಇಟ್ಟುಕೊಳ್ಳುತ್ತಾರೆ ಅಂದುಕೊಂಡರೆ ‘ಡ್ರ್ಯಾಗನ್ ಬಾಲ್ ಝಡ್’ ಅಭಿಮಾನಿಗಳನ್ನು ನೋಡಿ. ಇದು 291 ಕಂತುಗಳ ಜಪಾನಿ ಹೊಡೆದಾಟ. ಐದು ನಿಮಿಷದಲ್ಲಿ ಗ್ರಹ ಸಿಡಿಯುತ್ತದೆ ಅಂತ ಖಳನಾಯಕ ಹೇಳಿದಮೇಲೆ ಕಂತಿನ ಮೇಲೆ ಕಂತು ಕಳೆದರೂ ಗ್ರಹ ಸಿಡಿಯದ ಕಥೆ. ಅಮೆರಿಕದಲ್ಲಿ ಫ್ಯೂನಿಮೇಷನ್ ಕಂಪನಿ 2007ರಿಂದ ಇದನ್ನು ಒಂಬತ್ತು ಕಿತ್ತಳೆ ಬಣ್ಣದ ಡಬ್ಬಿಗಳಲ್ಲಿ ತಂದಿತು. ಚಿತ್ರ ಕತ್ತರಿಸಿತ್ತು, ಫಿಲ್ಮಿನ ಕಣ ಒರೆಸುವ ಭರದಲ್ಲಿ ಗೆರೆಗಳನ್ನೂ ಒರೆಸಿತ್ತು. ಅಭಿಮಾನಿಗಳು ಅವಕ್ಕೆ ‘ಆರೆಂಜ್ ಬ್ರಿಕ್’ ಅಂತ ಹೆಸರಿಟ್ಟು ಬೈದರು. ಆ ಇಟ್ಟಿಗೆಗಳಿಂದ ಒಂದೊಂದು ಗೋಡೆಯನ್ನೇ ಕಟ್ಟಿಕೊಂಡರು.

2009ರಲ್ಲಿ ಕತ್ತರಿಸದ ‘ಡ್ರ್ಯಾಗನ್ ಬಾಕ್ಸ್’ ಬಂತು. ಅದನ್ನೂ ಕೊಂಡರು. 2011ರ ಕೊನೆಗೆ ಬ್ಲೂ-ರೇಯಲ್ಲಿ ಕತ್ತರಿಸದ ಆವೃತ್ತಿ ಶುರುವಾಯಿತು. ಎರಡೇ ಭಾಗ ಬಂದು ನಿಂತುಹೋಯಿತು. ಆ ಎರಡನ್ನೂ ಕೊಂಡಿದ್ದರು. 2013ರಲ್ಲಿ ಬ್ಲೂ-ರೇ ಮತ್ತೆ ಬಂತು, ಚಿತ್ರ ಮತ್ತೆ ಕತ್ತರಿಸಿತ್ತು. ಬೈದು ಕೊಂಡರು. 2019ರಲ್ಲಿ ಮೂವತ್ತನೇ ವರ್ಷದ ದೊಡ್ಡ ಪೆಟ್ಟಿಗೆ ಬಂತು. ಚಿತ್ರ ಪೂರ್ತಿ ಇತ್ತು. ಆದರೆ ಒರೆಸುವ ಬಟ್ಟೆಯನ್ನು ಕಂಪನಿ ಕೆಳಗಿಟ್ಟಿರಲಿಲ್ಲ. ಅದರ ಬಗ್ಗೆ ಆದ ವಾದ ಓದಬೇಕು: ಕಥಾನಾಯಕ ಗೋಕುವಿನ ಬಟ್ಟೆ ನಿಜಕ್ಕೂ ಯಾವ ಕಿತ್ತಳೆ, ಆಕಾಶ ಎಷ್ಟು ನೀಲಿ, ಕೆನ್ನೆಯ ಗೆರೆ ಎಲ್ಲಿ ಹೋಯಿತು. ಮೂರು ಡಿಸ್ಕಿನಿಂದ ಒಂದೇ ಕ್ಷಣವನ್ನು ತೆಗೆದು ಅಕ್ಕಪಕ್ಕ ಅಂಟಿಸಿ ಬಾಣದ ಗುರುತು ಹಾಕಿ ತೋರಿಸುವವರಿದ್ದಾರೆ. ಕಥೆ ಮುಂದೆ ಹೋಗುವುದೇ ಇಲ್ಲ. ಹೋಗಬೇಕೂ ಇಲ್ಲ, ನಿಂತ ಚಿತ್ರವೇ ಸಾಕು. ಒಂದು ದೊಡ್ಡ ಪ್ರಶ್ನೆ ಉಳಿಯುತ್ತದೆ. ಪ್ರತಿ ಸಲ ಒಂದು ತಪ್ಪು ಮಾಡಿದರೆ ಪ್ರತಿ ಸಲ ಒಂದು ಡಬ್ಬಿ ಮಾರಬಹುದು ಅಂತಾದರೆ, ಯಾವ ಬುದ್ಧಿವಂತ ಕಂಪನಿ ತಪ್ಪು ಮಾಡುವುದನ್ನು ಬಿಡುತ್ತದೆ?

ಜಪಾನಿನವರು ಈ ವಿದ್ಯೆಯಲ್ಲಿ ಒಂದು ಕೈ ಮೇಲು. ಅವರು ತಪ್ಪನ್ನು ಟಿವಿಯಲ್ಲಿ ಪುಕ್ಕಟೆ ತೋರಿಸಿ, ತಿದ್ದಿದ್ದನ್ನು ಡಿಸ್ಕಿನಲ್ಲಿ ಮಾರುತ್ತಾರೆ. 2006ರಲ್ಲಿ ‘ಯೋಆಕೆ ಮಾಯೆ ಯೋರಿ ರೂರಿಇರೋ ನಾ’ ಅನ್ನುವ ಅನಿಮೆ, ಅಂದರೆ ಜಪಾನಿ ಕಾರ್ಟೂನ್, ಬಂತು. ಮೂರನೇ ಕಂತಿನಲ್ಲಿ ಅಡುಗೆಮನೆಯ ದೃಶ್ಯ, ಮಣೆಯ ಮೇಲೆ ಎಲೆಕೋಸು. ಬಿಡಿಸುವವರಿಗೆ ಸಮಯವಿರಲಿಲ್ಲವೋ ಏನೋ, ಆ ಕೋಸಿಗೆ ಒಂದೇ ಒಂದು ಎಲೆಯಿಲ್ಲ. ನುಣ್ಣಗಿನ ಹಸಿರು ಚೆಂಡು. ಅದನ್ನೇ ಗಂಭೀರವಾಗಿ ಹೆಚ್ಚುತ್ತಾರೆ.

ಜಪಾನು ಆ ಕೋಸನ್ನು ಇವತ್ತಿಗೂ ಮರೆತಿಲ್ಲ. ಡಿವಿಡಿ ಬರುವ ಹೊತ್ತಿಗೆ ಸ್ಟುಡಿಯೋದವರು ಕೂತು ಎಲೆ, ನರ, ಮಡಿಕೆ ಎಲ್ಲ ಇರುವ ಕೋಸು ಬಿಡಿಸಿ ಹಾಕಿದರು. ಕಥಾನಾಯಕಿ ಚಂದ್ರಲೋಕದ ರಾಜಕುಮಾರಿ. ಅದು ಯಾರ ತಲೆಯಲ್ಲೂ ಉಳಿಯಲಿಲ್ಲ, ಪಲ್ಯದ ತರಕಾರಿ ಉಳಿಯಿತು. ಅಲ್ಲಿಂದೀಚೆಗೆ ಬೇರೆ ಅನಿಮೆಗಳಲ್ಲಿ ಕೋಸು ಕಂಡರೆ ಅಭಿಮಾನಿಗಳು ಮೊದಲು ಅದರ ಪದರ ಪರೀಕ್ಷೆ ಮಾಡುತ್ತಾರೆ. ಹೆಚ್ಚುವವರ ಕೈಗೆ ಆರು ಬೆರಳಿದ್ದರೂ ನಡೆದೀತು.

ಆಗ ಅಲ್ಲಿ ಒಂದು ಡಿಸ್ಕಿಗೆ ಸಾಮಾನ್ಯವಾಗಿ ಎರಡೇ ಕಂತು. ಬೆಲೆ ಆರರಿಂದ ಎಂಟು ಸಾವಿರ ಯೆನ್. ಹನ್ನೆರಡು ಕಂತಿನ ಧಾರಾವಾಹಿ ಬೇಕಾದರೆ ಆರು ಡಿಸ್ಕ್ ಕೊಳ್ಳಬೇಕಿತ್ತು. ಅಷ್ಟು ಕೊಟ್ಟವರಿಗೆ ಕೋಸಿನ ಜೊತೆ ಬೇರೆ ಸೌಲಭ್ಯವೂ ಉಂಟು. ಟಿವಿಯಲ್ಲಿ ಸ್ನಾನದ ದೃಶ್ಯ ಬಂದಾಗ ಪರದೆ ತುಂಬ ದಟ್ಟ ಹಬೆ ಇರುತ್ತದೆ. ಡಿಸ್ಕಿನಲ್ಲಿ ನೀರು ತಣ್ಣಗಾಗಿರುತ್ತದೆ. ಇದನ್ನು ‘ಕಲಾವಿದರ ಮೂಲ ಉದ್ದೇಶಕ್ಕೆ ಗೌರವ’ ಅಂತ ಸಮರ್ಥಿಸುವವರ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡುವುದಿಲ್ಲ.

2009ರ ಬೇಸಿಗೆಯಲ್ಲಂತೂ ‘ಹರುಹಿ ಸುಜುಮಿಯ’ ಅನ್ನುವ ಧಾರಾವಾಹಿಯವರು ಒಂದೇ ಕಥೆಯನ್ನು ಎಂಟು ವಾರ ತೋರಿಸಿದರು. ರಜೆಯ ಎರಡು ವಾರ ಮತ್ತೆ ಮತ್ತೆ ಮರುಕಳಿಸುತ್ತದೆ ಅನ್ನುವುದು ಕಥೆ. ಅದೇ ಈಜುಕೊಳ, ಅದೇ ಪಟಾಕಿ, ಅದೇ ಮಾತು. ಪ್ರತಿ ಸಲ ಹೊಸದಾಗಿ ಬಿಡಿಸಿದ್ದರು, ಬಟ್ಟೆ ಬದಲಾಗುತ್ತಿತ್ತು. ಜನ ರೊಚ್ಚಿಗೆದ್ದರು. ಆ ಎಂಟೂ ಕಂತು ಡಿವಿಡಿಯಲ್ಲೂ ಬಂದವು. ಒಂದೇ ಧಾರಾವಾಹಿಯನ್ನು ನಾಲ್ಕು ಡಬ್ಬಿಯಲ್ಲಿ ಕೊಳ್ಳುವ ಜನಕ್ಕೆ ಒಂದೇ ಕಥೆಯನ್ನು ಎಂಟು ಸಲ ಮಾರಿದರೆ ಕೋಪ ಯಾಕೆ ಬರಬೇಕೋ ನನಗಂತೂ ಅರ್ಥವಾಗಿಲ್ಲ.

ಕೋಪಕ್ಕೆ ಫಲ ಸಿಗುವುದಿಲ್ಲ ಅಂತಲ್ಲ. ಕೆಲವು ಸಲ ಬೇಕಾದ್ದಕ್ಕಿಂತ ಜಾಸ್ತಿ ಸಿಗುತ್ತದೆ. ಟಾಮ್ ಅಂಡ್ ಜೆರ್ರಿ ಮೊದಲು ಥಿಯೇಟರಿಗೆ ಮಾಡಿದ್ದಾದರೂ ಬಹಳ ಜನ ನೋಡಿದ್ದು ಟಿವಿಯಲ್ಲೇ. 2013ರಲ್ಲಿ ವಾರ್ನರ್ ಕಂಪನಿ ಅದರ ‘ಗೋಲ್ಡನ್ ಕಲೆಕ್ಷನ್’ನ ಎರಡನೇ ಭಾಗ ತರಲು ಹೊರಟಿತ್ತು. ಕಪ್ಪು ಜನರನ್ನು ಅಣಕಿಸುವ ದೃಶ್ಯಗಳಿರುವ ಎರಡು ಚಿತ್ರಗಳನ್ನು ಅದರಲ್ಲಿ ಕೈಬಿಟ್ಟಿತ್ತು. ಸಂಗ್ರಹ ಅಂದಮೇಲೆ ಎಲ್ಲ ಇರಬೇಕು, ಎರಡು ಇಲ್ಲದಿದ್ದರೆ ಬೇಡ ಅಂತ ಅಭಿಮಾನಿಗಳು ಪಟ್ಟು ಹಿಡಿದರು. ಆ ಎರಡು ಆಗ ಬರಲಿಲ್ಲ. ಆ ಭಾಗವೇ ಬರಲಿಲ್ಲ. ಬಹಿಷ್ಕಾರ ಹಾಕೋಣ ಅಂತ ಕೂತವರಿಗೆ ಬಹಿಷ್ಕರಿಸಲು ಡಬ್ಬಿಯೇ ಇಲ್ಲದಂತಾಯಿತು.

‘ಡೇರಿಯಾ’ ಕಾರ್ಟೂನಿಗೆ ಕಾದವರ ಪಾಡು ಬೇರೆ. 2002ರಲ್ಲಿ ಮುಗಿದ ಧಾರಾವಾಹಿ, 2010ರಲ್ಲಿ ಡಿವಿಡಿ. ಹಾಡುಗಳ ಹಕ್ಕು ಕೊಳ್ಳುವುದು ದುಬಾರಿ ಅಂತ ಮೂಲದ ಹಾಡುಗಳನ್ನು ಹೆಚ್ಚುಕಡಿಮೆ ಎಲ್ಲ ತೆಗೆದು ಬೇರೆ ಸಂಗೀತ ತುಂಬಿದ್ದರು. ಜನ ಬೇಸರಪಟ್ಟರು. ತೆಗೆದುಕೊಂಡರು. ಹೊಸದಾಗಿ ಹೇಳುವುದು ಏನೂ ಇಲ್ಲ.

ಇವರನ್ನು ಹೀಗೆ ಕೊಳ್ಳಲು ಕಲಿಸಿದ್ದು ಒಂದು ಪವಾಡ. 2002ರಲ್ಲಿ ಫಾಕ್ಸ್ ಚಾನೆಲ್ಲು ‘ಫ್ಯಾಮಿಲಿ ಗೈ’ಯನ್ನು ನಿಲ್ಲಿಸಿತ್ತು. ಮರುವರ್ಷ ಡಿವಿಡಿ ಬಂತು, ವಿಪರೀತ ಮಾರಾಟವಾಯಿತು. ಮರುಪ್ರಸಾರವನ್ನೂ ಜನ ಮುಗಿಬಿದ್ದು ನೋಡಿದರು. 2005ರಲ್ಲಿ ಸತ್ತ ಧಾರಾವಾಹಿ ಎದ್ದು ಬಂತು. ಅಂದಿನಿಂದ ಡಬ್ಬಿ ಕೊಳ್ಳುವ ಪ್ರತಿಯೊಬ್ಬರೂ ತಾವು ಕೊಳ್ಳುತ್ತಿಲ್ಲ, ಒಂದು ಜೀವ ಉಳಿಸುತ್ತಿದ್ದೇವೆ ಅಂದುಕೊಂಡಿದ್ದಾರೆ. ಮನೆಯವರು ಕೇಳಿದರೆ ಹೇಳುವುದಕ್ಕೂ ಇದು ಒಳ್ಳೆಯ ಉತ್ತರ.

ಡಿಸ್ಕ್ ಇಟ್ಟುಕೊಂಡವರಿಗೆ ಒಮ್ಮೆ ಗೆಲುವೂ ಸಿಕ್ಕಿತು. 2019ರ ಮಾರ್ಚಿನಲ್ಲಿ ಮೈಕಲ್ ಜಾಕ್ಸನ್ ದನಿ ಕೊಟ್ಟಿದ್ದ ಸಿಂಪ್ಸನ್ಸ್ ಕಂತನ್ನು ನಿರ್ಮಾಪಕರು ಚಲಾವಣೆಯಿಂದ ತೆಗೆದರು. ಆನ್‌ಲೈನಿನಲ್ಲಿ ಇಲ್ಲ, ಇನ್ನು ಹೊಸ ಡಿಸ್ಕಿನಲ್ಲೂ ಇರುವುದಿಲ್ಲ. 2003ರ ಮೂರನೇ ಸೀಸನ್ನಿನ ಡಬ್ಬಿ ಇದ್ದವರು ಮಾತ್ರ ಅದನ್ನು ನೋಡಬಹುದು. ಹದಿನಾರು ವರ್ಷದ ಅಣಕವನ್ನೆಲ್ಲ ಸಹಿಸಿಕೊಂಡವರು ಆವತ್ತು ಎದೆಯುಬ್ಬಿಸಿ ನಿಂತರು. ಕಂಪನಿ ಕೈಗೆ ಎಟುಕದ ಒಂದು ಪ್ರತಿ ಮನೆಯಲ್ಲಿ ಇರಬೇಕು ಅನ್ನುವ ಅವರ ವಾದವನ್ನು ನಾನು ತಳ್ಳಿಹಾಕಲಾರೆ.

ಆ ಡಬ್ಬಿ ಬೆಂಗಳೂರಿಗೆ ಬಂದರೆ ಕಥೆ ಬೇರೆ. ಡಿವಿಡಿ ಲೋಕದಲ್ಲಿ ಅಮೆರಿಕ ಒಂದನೇ ವಲಯ, ಜಪಾನು ಎರಡನೆಯದು, ಭಾರತ ಐದನೆಯದು. ನ್ಯೂಜೆರ್ಸಿಯ ಭಾವ ಸೂಟ್‌ಕೇಸಿನಲ್ಲಿ ತಂದುಕೊಟ್ಟ ಅಸಲಿ ಡಿಸ್ಕನ್ನು ಇಲ್ಲಿನ ಅಸಲಿ ಪ್ಲೇಯರ್ ಮುಟ್ಟುತ್ತಿರಲಿಲ್ಲ. ನ್ಯಾಷನಲ್ ಮಾರ್ಕೆಟ್ಟಿನ ನಕಲಿ ಡಿಸ್ಕಿಗೆ ಗಡಿಯ ಹಂಗಿಲ್ಲ, ಎಲ್ಲದರಲ್ಲೂ ಓಡುತ್ತಿತ್ತು. ನಕಲು ಮಾಡುವುದು ಅಪರಾಧ ಅನ್ನುವ ಎಚ್ಚರಿಕೆಯನ್ನು ದಾಟಿಸಲೂ ಆಗದೆ ಪೂರ್ತಿ ಓದಬೇಕಾದವರು ದುಡ್ಡು ಕೊಟ್ಟು ಕೊಂಡವರು ಮಾತ್ರ.

ಕಂಪ್ಯೂಟರಿನ ಡ್ರೈವ್ ಸ್ವಲ್ಪ ಉದಾರಿ. ಐದು ಸಲ ವಲಯ ಬದಲಿಸಲು ಬಿಡುತ್ತದೆ. ಆಮೇಲೆ ಎಲ್ಲಿದೆಯೋ ಅಲ್ಲೇ ಕಾಯಂ. ಆದರೆ ಈಗಿನ ಲ್ಯಾಪ್‌ಟಾಪುಗಳಲ್ಲಿ ಡ್ರೈವೇ ಇಲ್ಲವಲ್ಲ. ಮೈಕಲ್ ಜಾಕ್ಸನ್ ಕಂತು ಕಾಪಾಡಿದವರು ಅದನ್ನು ನೋಡಲು ಈಗ ಯುಎಸ್‌ಬಿಗೆ ಸಿಕ್ಕಿಸುವ ಡಿವಿಡಿ ಡ್ರೈವ್ ತರಿಸಬೇಕು. ತರಿಸುತ್ತಾರೆ. ಅದು ಬಿಳಿ ಬಣ್ಣದಲ್ಲಿ ಮಾತ್ರ ಸಿಗುತ್ತದೆ, ಲ್ಯಾಪ್‌ಟಾಪು ಕಪ್ಪು ಅಂತ ಒಂದು ಸ್ಟಾರ್ ಕೊಡುತ್ತಾರೆ. ಒಂದನೇ ವಲಯಕ್ಕೆ ಒಂದು ಸಲ, ಕೋಸು ನೋಡಲು ಎರಡನೆಯದಕ್ಕೆ ಒಂದು ಸಲ, ಮತ್ತೆ ವಾಪಸ್ ಒಂದಕ್ಕೆ. ಇನ್ನು ಎರಡು ಸಲ ಉಳಿದಿದೆ.