ಗದಗಿಗೂ ಒಂದು ವಿಜ್ಞಾನ ಸಂಘ ಬೇಕು

ನಾನು ಗದಗಿನವನು. ಕೆಲಸದ ಸಲುವಾಗಿ ಪಾಲಕ್ಕಾಡಿನಲ್ಲಿದ್ದೇನೆ. ಕೇರಳದಲ್ಲಿ ನನಗೆ ತುಂಬಾ ಹಿಡಿಸಿದ್ದು ಶಾಸ್ತ್ರ ಸಾಹಿತ್ಯ ಪರಿಷತ್ತು ಅನ್ನುವ ಜನರ ವಿಜ್ಞಾನ ಸಂಘದ ವಾರ್ಷಿಕ ಸಭೆ. ಊರಿನ ಶಾಲೆಯ ಒಂದು ಕೋಣೆಯಲ್ಲಿ ಮೇಷ್ಟ್ರು, ನರ್ಸು, ನಿವೃತ್ತ ಗುಮಾಸ್ತರು, ಕಾಲೇಜು ಹುಡುಗರು ಕೂತಿರುತ್ತಾರೆ. ಹಾರ, ಶಾಲು, ಸ್ಮರಣಿಕೆ ಯಾವುದೂ ಇಲ್ಲ. ಕಾರ್ಯದರ್ಶಿ ವರ್ಷದ ವರದಿ ಓದುತ್ತಾರೆ. ಆಮೇಲೆ ಪ್ರಶ್ನೆ ಶುರು. ವಿಜ್ಞಾನೋತ್ಸವಕ್ಕೆ ಈ ಸಲ ಮಕ್ಕಳು ಯಾಕೆ ಕಡಿಮೆ ಬಂದರು? ಪುಸ್ತಕ ಯಾಕೆ ಮಾರಾಟವಾಗದೆ ಉಳಿದವು? ಕಾರ್ಯದರ್ಶಿ ಉತ್ತರ ಕೊಡಲೇಬೇಕು. ಕೇಳುವವರು ಕೈಯಿಂದ ವಂತಿಗೆ ಕೊಟ್ಟ ಸದಸ್ಯರು.

ಪರಿಷತ್ತು ಹುಟ್ಟಿದ್ದು 1962ರಲ್ಲಿ, ಕೋಝಿಕ್ಕೋಡಿನಲ್ಲಿ. ಮಲಯಾಳದಲ್ಲಿ ವಿಜ್ಞಾನ ಬರೆಯುವವರ ಸಣ್ಣ ಗುಂಪು ಅದು. ಆಮೇಲೆ ಹಳ್ಳಿಗೆ ಇಳಿಯಿತು. ಹಾಡು, ಬೀದಿನಾಟಕ ಹಿಡಿದು ಊರೂರು ತಿರುಗಿತು. ಮನೆಮನೆಗೆ ಹೋಗಿ ಪುಸ್ತಕ ಮಾರಿ ಖರ್ಚು ತೂಗಿಸಿಕೊಂಡಿತು. ಕೇರಳದ ಸೈಲೆಂಟ್ ವ್ಯಾಲಿ ಕಾಡು ಅಣೆಕಟ್ಟಿನಲ್ಲಿ ಮುಳುಗದಂತೆ ತಡೆದವರಲ್ಲಿ ಅದೂ ಒಂದು. 1996ರಲ್ಲಿ ಪರ್ಯಾಯ ನೊಬೆಲ್ ಅನ್ನಿಸಿಕೊಂಡ ರೈಟ್ ಲೈವ್ಲಿಹುಡ್ ಪ್ರಶಸ್ತಿಯೂ ಬಂತು.

ನನಗೆ ಪ್ರಶಸ್ತಿಗಿಂತ ದೊಡ್ಡದಾಗಿ ಕಾಣುವುದು ಅವರ ಚೂಡಾರಾಪೆಟ್ಟಿ. ಒಳಗೆಲ್ಲ ಥರ್ಮೊಕೋಲ್ ಕೂರಿಸಿದ ಪೆಟ್ಟಿಗೆ. ಅಕ್ಕಿಯನ್ನು ಒಲೆಯ ಮೇಲೆ ಸ್ವಲ್ಪ ಹೊತ್ತು ಕುದಿಸಿ, ಪಾತ್ರೆಯನ್ನು ಅದರೊಳಗಿಟ್ಟು ಮುಚ್ಚಿದರೆ ಆಯಿತು. ಕಾವು ಹೊರಗೆ ಹೋಗುವುದಿಲ್ಲ, ಅನ್ನ ತಾನೇ ಬೇಯುತ್ತದೆ, ಗ್ಯಾಸ್ ಉಳಿಯುತ್ತದೆ. ನಮ್ಮ ರೊಟ್ಟಿಗೆ ಇದು ನಡೆಯದು. ಆದರೆ ಅನ್ನ, ಬೇಳೆಗೆ ಚೆನ್ನಾಗಿ ಒಗ್ಗುತ್ತದೆ. ಕಾವಿನ ಪಾಠವನ್ನು ಇದಕ್ಕಿಂತ ಚೆನ್ನಾಗಿ ಹೇಳಿಕೊಡಲು ಆಗುತ್ತದಾ?

ಇಲ್ಲಿ ಎಲ್ಲವೂ ಸರಿ ಇದೆ ಅಂತ ನಾನು ಹೇಳುತ್ತಿಲ್ಲ. ನಾನು ನೋಡಿದ ಸಭೆಗಳಲ್ಲಿ ತಲೆ ನರೆತವರೇ ಜಾಸ್ತಿ. ಚರ್ಚೆ ಕೆಲವೊಮ್ಮೆ ಮುಗಿಯುವುದೇ ಇಲ್ಲ.

ನಮ್ಮ ಕಡೆ ಏನು ಕಡಿಮೆ ಇದೆ? ಧಾರವಾಡದಲ್ಲಿ ವಿಶ್ವವಿದ್ಯಾಲಯಗಳಿವೆ, ಐಐಟಿ ಇದೆ, ಪ್ರಾದೇಶಿಕ ವಿಜ್ಞಾನ ಕೇಂದ್ರ ಇದೆ. ವರಲಕ್ಷ್ಮಿ ಹತ್ತಿ ತಳಿಯನ್ನು 1972ರಲ್ಲಿ ಧಾರವಾಡದಲ್ಲೇ ಡಾ. ಕಟರಕಿ ಅವರು ಕೊಟ್ಟರು. ಎರಡು ಬೇರೆ ಜಾತಿಯ ಹತ್ತಿಯನ್ನು ಕೂಡಿಸಿ ಮಾಡಿದ ಹೈಬ್ರಿಡ್ ಅದು. ಧಾರವಾಡದ ಕೃಷಿ ಮೇಳಕ್ಕೆ ಹೋಗಿ ನೋಡಿ. ಹಾವೇರಿ, ಗದಗಿನ ರೈತರು ಬೀಜದ ಮಳಿಗೆ ಮುಂದೆ ನಿಂತು ವಿಜ್ಞಾನಿಗಳನ್ನು ಎಷ್ಟು ಬಿಡಿಸಿ ಬಿಡಿಸಿ ಕೇಳುತ್ತಾರೆ! ಅಂಥ ಪ್ರಶ್ನೆಗಳನ್ನು ನಾನು ಪಾಲಕ್ಕಾಡಿನಲ್ಲೂ ಕೇಳಿಲ್ಲ.

ಸಂಘ ಕಟ್ಟುವುದೂ ನಮಗೆ ಹೊಸದಲ್ಲ. ಭಾಷೆಗಾಗಿ 1890ರಲ್ಲೇ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದೆವು. ಸಾಲಕ್ಕಾಗಿ 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಹಕಾರಿ ಸಂಘ ಕಟ್ಟಿದೆವು. ರೈತರೇ ದುಡ್ಡು ಕೂಡಿಸಿ, ಲೆಕ್ಕ ಇಟ್ಟು ನಡೆಸಿದರು. ವಿಜ್ಞಾನದ ಮಾತು ಬಂದಾಗ ಮಾತ್ರ ನಾವು ಬರೀ ಸಭಿಕರು. ಫೆಬ್ರುವರಿ 28ರ ರಾಷ್ಟ್ರೀಯ ವಿಜ್ಞಾನ ದಿನಕ್ಕೆ ಶಾಲೆಯಲ್ಲಿ ಮಾದರಿಗಳ ಪ್ರದರ್ಶನ, ಅತಿಥಿಗಳ ಭಾಷಣ, ಬಹುಮಾನ, ಫೋಟೋ. ಮರುದಿನ ಮಾದರಿಗಳು ಕಪಾಟಿನ ಮೇಲೆ. ವರದಿಯಲ್ಲಿ ಇಷ್ಟು ಕಾರ್ಯಕ್ರಮ ಅಂತ ಅಂಕಿ ಇರುತ್ತದೆ. ಅದರಿಂದ ಊರಲ್ಲಿ ಏನು ಬದಲಾಯಿತು ಅಂತ ಇರುವುದಿಲ್ಲ. ಮಕ್ಕಳ ದುಡಿಮೆ ಹೀಗೆ ಪೋಲಾಗುವುದು ನೋಡಿದರೆ ನನಗೆ ಸಂಕಟ ಆಗುತ್ತದೆ.

ಗದಗಿನಲ್ಲಿ ಸಂಘ ಹುಟ್ಟಿದರೆ ಮೊದಲು ಮುಂಡರಗಿ ಕಡೆಯ ನೀರಿನ ಪರೀಕ್ಷೆಯ ಕೆಲಸ ಹಿಡಿಯಬೇಕು ಅನ್ನುವುದು ನನ್ನ ಆಸೆ. ಅಲ್ಲಿಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಕಾಟ ಹಳೆಯದು. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಆ ನೀರು ಕುಡಿಯಲು ಆಗದು. ಹಲ್ಲಿಗೆ ಕಲೆ ಬರುತ್ತದೆ, ವರ್ಷಗಟ್ಟಲೆ ಕುಡಿದರೆ ಮೂಳೆ ಬಿಗಿಯುತ್ತದೆ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೂ ಹೋಗುವುದಿಲ್ಲ. ನೀರು ಆವಿಯಾದಷ್ಟು ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನೂ ಹೆಚ್ಚುತ್ತದೆ. ಶುದ್ಧ ನೀರಿನ ಘಟಕ ಇದೆಯಲ್ಲ ಅಂತ ಸುಮ್ನೆ ಕೂರುವಂತಿಲ್ಲ. ಒಳಗಿನ ನೀರು ಸೋಸುವ ಪೊರೆ ಹಳತಾದರೆ ಫ್ಲೋರೈಡ್ ಮತ್ತೆ ನುಸುಳುತ್ತದೆ. ಟಿಡಿಎಸ್ ಮೀಟರ್ ಹಿಡಿದರೆ ಅದು ಗೊತ್ತಾಗುವುದಿಲ್ಲ. ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಅಂದಾಜನ್ನಷ್ಟೇ ಆ ಮೀಟರ್ ಹೇಳುತ್ತದೆ.

ಫ್ಲೋರೈಡ್ ನೋಡಲು ಬೇರೆ ಕಿಟ್ ಇದೆ. ನೀರಿಗೆ ಕಿಟ್‌ನಲ್ಲಿರುವ ದ್ರಾವಣದ ಹನಿ ಹಾಕಿ, ತಿರುಗಿದ ಬಣ್ಣವನ್ನು ಪಟ್ಟಿಯ ಜೊತೆ ಹೋಲಿಸಬೇಕು. ಹೈಸ್ಕೂಲ್ ಮಕ್ಕಳು ಆರಾಮಾಗಿ ಮಾಡಬಹುದು. ಅನುಮಾನ ಬಂದ ನೀರನ್ನು ಪ್ರಯೋಗಾಲಯಕ್ಕೆ ಕಳಿಸಬೇಕು. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಮತ್ತೊಮ್ಮೆ, ಅದೇ ಬಾವಿಗಳನ್ನು ನೋಡಬೇಕು. ಅಂಕಿಗಳನ್ನು ಪಂಚಾಯತಿ ಗೋಡೆಯ ಮೇಲೆ ಬಾವಿಯ ಹೆಸರಿನೊಂದಿಗೆ ಬರೆಯಬೇಕು. ಗ್ರಾಮಸಭೆಯಲ್ಲಿ ಅವನ್ನೇ ಓದಿ, ಘಟಕದ ಪೊರೆ ಯಾವಾಗ ಬದಲಿಸಿದಿರಿ ಅಂತ ಕೇಳಬೇಕು. ಸಂಘದ ಮೊದಲ ವರ್ಷದ ವರದಿಯಲ್ಲಿ ಈ ಒಂದೇ ಕೆಲಸ ಇದ್ದರೂ ಸಾಕು. ಊರಲ್ಲಿರುವ ಮೇಷ್ಟ್ರುಗಳು, ಕಾಲೇಜಿನ ರಸಾಯನಶಾಸ್ತ್ರದವರು ಯಾರಾದರೂ ಮುಂದೆ ಬನ್ನಿ. ಮೊದಲ ವರ್ಷದ ಕಿಟ್ ಖರ್ಚು ನಾನು ಕೊಡುತ್ತೇನೆ. ಎರಡನೇ ವರ್ಷದಿಂದ ಅದು ಸದಸ್ಯರ ವಂತಿಗೆಯಿಂದಲೇ ಬರಬೇಕು.