ಜಾಗ ಸಿಗದವರಲ್ಲ, ಬೇರೆ ಜಾಗ ಹುಡುಕಿದವರು

ಅಂಡರ್‌ಗ್ರೌಂಡ್ ಹಿಪ್-ಹಾಪ್ (ದೊಡ್ಡ ಕಂಪನಿಗಳ ಹೊರಗೆ ಬೆಳೆದ ರ್ಯಾಪ್ ಸಂಗೀತ) ಅಂದರೆ ರೇಡಿಯೋದಲ್ಲಿ ಅವಕಾಶ ಸಿಗದವರ ಸಂಗೀತ ಎಂದು ಲೇಖನದಲ್ಲಿ ಬರೆದಿದ್ದೀರಿ. ಇದನ್ನು ಒಪ್ಪಲು ನನಗೆ ಆಗುತ್ತಿಲ್ಲ. ಎಷ್ಟೋ ಜನ ಬೇಕು ಅಂತಲೇ ಹೊರಗೆ ಉಳಿದವರು. ನ್ಯೂಯಾರ್ಕಿನ 'ಕಂಪನಿ ಫ್ಲೋ' ಅನ್ನೋ ತಂಡದ 1997ರ ಆಲ್ಬಂ ಕೇಳಿ. ಬೀಟ್ ಒರಟು, ಮಾತು ಇಕ್ಕಟ್ಟು. ಕೇಳುಗರನ್ನು ಓಲೈಸುವ ಆಸೆ ಎಲ್ಲೂ ಕಾಣುವುದಿಲ್ಲ. ಆ ತಂಡದ ರ್ಯಾಪರ್ ಎಲ್-ಪಿ ಆಮೇಲೆ ತನ್ನದೇ ಲೇಬಲ್ (ಆಲ್ಬಂ ಹೊರತರುವ ಕಂಪನಿ) ಕಟ್ಟಿದರು. 2001ರಲ್ಲಿ ಕ್ಯಾನಿಬಲ್ ಆಕ್ಸ್ ತಂಡದ ಆಲ್ಬಂ ಬಂದದ್ದು ಅಲ್ಲಿಂದಲೇ.

ನನಗೆ ತುಂಬಾ ಹತ್ತಿರವಾದದ್ದು ರ್ಯಾಪರ್ ಎಮ್‌ಎಫ್ ಡೂಮ್ ಮತ್ತು ಬೀಟ್ ಕಟ್ಟುವ ಮ್ಯಾಡ್‌ಲಿಬ್ ಸೇರಿ 2004ರಲ್ಲಿ ಮಾಡಿದ 'ಮ್ಯಾಡ್‌ವಿಲನಿ' ಆಲ್ಬಂ. ಇಪ್ಪತ್ತೆರಡು ಟ್ರ್ಯಾಕ್, ಎಲ್ಲಾ ಸೇರಿದರೂ ಒಂದು ಗಂಟೆ ಆಗುವುದಿಲ್ಲ. ಕೋರಸ್ ಅನ್ನೋದು ಹೆಚ್ಚು ಕಡೆ ಇಲ್ಲವೇ ಇಲ್ಲ. 'ಅಕಾರ್ಡಿಯನ್' ಟ್ರ್ಯಾಕನ್ನೇ ತಗೊಳ್ಳಿ. ಅಕಾರ್ಡಿಯನ್ ವಾದ್ಯದ ಒಂದು ಚಿಕ್ಕ ತುಣುಕು ಉಸಿರೆಳೆದುಕೊಂಡ ಹಾಗೆ ತಿರುಗುತ್ತಲೇ ಇರುತ್ತದೆ. ಅದರ ಮೇಲೆ ಡೂಮ್ ಅವಸರವಿಲ್ಲದೆ ಮಾತಾಡುತ್ತಾ ಹೋಗುತ್ತಾರೆ. ಪ್ರಾಸ ಸಾಲಿನ ಕೊನೆಗೆ ಮಾತ್ರ ಕಾಯುವುದಿಲ್ಲ, ನಡುವೆಯೂ ಸಿಕ್ಕಿಕೊಳ್ಳುತ್ತದೆ. ಹೇಳುವುದು ಮುಗಿದ ಕೂಡಲೇ ಹಾಡೂ ಮುಗಿಯಿತು. ಎಳೆದಾಡುವುದಿಲ್ಲ. ನಾನು ಮೊದಲ ಸಲ ಕೇಳಿದಾಗ ಏನೂ ಅರ್ಥವಾಗದೆ ಮತ್ತೆ ಹಿಂದಕ್ಕೆ ಹೋಗಿ ಕೇಳಿದ್ದೆ. ಆ ಮತ್ತೆ ಕೇಳಿಸುವ ಗುಣವೇ ದೊಡ್ಡದು, ಅಲ್ವಾ?

ಮುಖ್ಯವಾಹಿನಿಯಲ್ಲಿ ಹೊಸತನವೇ ಇಲ್ಲ ಅಂತ ಖಂಡಿತ ಹೇಳುತ್ತಿಲ್ಲ. ಔಟ್‌ಕಾಸ್ಟ್ ತಂಡ ಇತ್ತಲ್ಲ. ಆದರೆ ಸುಮ್ನೆ ಗದ್ದಲ ಎಂದು ಬದಿಗಿಡುವ ಮೊದಲು ಈ ಆಲ್ಬಂಗಳಲ್ಲಿ ಒಂದನ್ನಾದರೂ ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿ.