ದೈತ್ಯನ ಅರ್ಧ ದೇಹ, ಪಕ್ಕದಲ್ಲೊಂದು ಅಡುಗೆಮನೆ

ಡಿಜಿಟಲ್ ಕಾಮಿಕ್ಸ್ ಮಾರುತ್ತಿದ್ದ ಕಾಮಿಕ್ಸಾಲಜಿ ಆ್ಯಪ್, ಅಮೆಜಾನಿನ ಇ-ಪುಸ್ತಕದ ಆ್ಯಪ್ ಆದ ಕಿಂಡಲ್‌ನ ಹೊಟ್ಟೆ ಸೇರಿದ ಕಥೆ ನಿಮಗೆ ಗೊತ್ತೇ ಇದೆ. 2014ರಲ್ಲಿ ಅಮೆಜಾನ್ ಕೊಂಡಿತು, 2023ರ ಡಿಸೆಂಬರಿನಲ್ಲಿ ಆ್ಯಪಿನ ತಿಥಿಯೂ ಮುಗಿಯಿತು. ಸೂಪರ್‌ಹೀರೋಗಳೀಗ ತೂಕ ಇಳಿಸುವ ಪುಸ್ತಕಗಳ ಪಕ್ಕದಲ್ಲೇ ಕೂತಿದ್ದಾರೆ. ಸಮಾನತೆ ಅಂದರೆ ಇದು.

ಆದರೂ ಫೋನು, ಟ್ಯಾಬ್ಲೆಟ್ಟುಗಳ ತೆರೆ ಮಾಡಿದ ಉಪಕಾರ ಮರೆಯಬಾರದು. ಒಂದೊಂದೇ ಪ್ಯಾನೆಲ್ಲನ್ನು, ಅಂದರೆ ಪುಟದೊಳಗಿನ ಚಿತ್ರದ ಚೌಕವನ್ನು, ಹಿಗ್ಗಿಸಿ ತೋರಿಸುವ ಗೈಡೆಡ್ ವ್ಯೂ ಇದೆಯಲ್ಲ, ಅದರ ಕಾಳಜಿಗೆ ಕಣ್ತುಂಬಿ ಬರುತ್ತದೆ. ಓದುಗ ಪಾಪ, ಪುಟದಲ್ಲೇ ದಾರಿ ತಪ್ಪಿಯಾನು! ಚಿತ್ರಕಾರ ಪುಟದ ಉದ್ದಕ್ಕೂ ಬೀಳುತ್ತಿರುವವನೊಬ್ಬನನ್ನು ಬರೆದು, ಮೇಲೆ ಆರು ಪುಟ್ಟ ಪ್ಯಾನೆಲ್ ಹೊಂದಿಸಿರುತ್ತಾನೆ. ಆ್ಯಪ್ ಮೊದಲು ಮೊಣಕಾಲು ತೋರಿಸುತ್ತದೆ, ಆಮೇಲೆ ಕಿವಿ. ಚಿಕ್ಕದೂ ದೊಡ್ಡದೂ ತೆರೆಯ ತುಂಬ ಒಂದೇ ಅಳತೆ. ಬಲಪುಟದ ಕೊನೆಯಲ್ಲಿ ಬಾಗಿಲು ಬಡಿದ ಸದ್ದು, ಹಾಳೆ ಮಗುಚಿದರೆ ಎಡಪುಟದಲ್ಲಿ ಹೆಣ: ಈ ಹೂಟ ಅವನದು. ಪ್ರತಿ ಪ್ಯಾನೆಲ್ಲಿಗೂ ಬೆರಳು ಒತ್ತುವವನಿಗೆ ಹೆಣವೂ ಒಂದೇ, ಕಾಫಿ ಲೋಟವೂ ಒಂದೇ.

ಬಣ್ಣದ ಮಾತು ಬಿಡಿ. ಮಸಿ ಹೀರುವ ಅಗ್ಗದ ಕಾಗದಕ್ಕೆಂದು ಆರಿಸಿದ ಹಳದಿಯನ್ನು ಹಾಗೇ ತಂದು ಹಿಂಬೆಳಕಿನ ಮುಂದೆ ನಿಲ್ಲಿಸಿದ್ದಾರೆ. ಹಳೇ ಅಚ್ಚನ್ನು ಸ್ಕ್ಯಾನ್ ಮಾಡಿ ಕುಗ್ಗಿಸಿದರಂತೂ ಅಚ್ಚಿನ ಚುಕ್ಕೆಗಳ ಸಾಲಿಗೂ ಪಿಕ್ಸೆಲ್ ಸಾಲಿಗೂ ತಾಳ ಕೂಡದೆ, ನಾಯಕಿಯ ಕೆನ್ನೆಯ ಮೇಲೆ ಬೆರಳಚ್ಚಿನಂಥ ಅಲೆಗಳು ಏಳುತ್ತವೆ.

ಕಾಗದವೇನು ಸಾಚಾನಾ? ಬರೀ ಅಂಟು ಹಾಕಿ ಬೈಂಡ್ ಮಾಡಿದ ದಪ್ಪ ಸಂಪುಟದಲ್ಲಿ ಎದುರುಬದುರು ಪುಟಗಳಿಗೆ ಹರಡಿದ ಜೋಡಿಪುಟದ ಚಿತ್ರದ ನಡುವಿನ ಮುಖ ಬೆನ್ನಿನೊಳಗೆ ಹೂತುಹೋಗುತ್ತದೆ. ತೆರೆಗೆ ಬೆನ್ನೂ ಇಲ್ಲ, ಮಡಿಕೆಯೂ ಇಲ್ಲ. ಗೆಲ್ಲಲೇಬೇಕಾದ ಪಂದ್ಯ. ಸೋತದ್ದು ನೋಡಿ.

ಅಮೆರಿಕದ ಮಾಮೂಲಿ ಕಾಮಿಕ್ ಪುಟ ಆರೂವರೆ ಇಂಚಿಗಿಂತ ಚೂರು ಅಗಲ, ಹತ್ತು ಇಂಚಿಗಿಂತ ಚೂರು ಎತ್ತರ. ಎರಡು ಪುಟ ಸೇರಿದರೆ ಅಗಲ ಹದಿಮೂರು ಇಂಚು ದಾಟುತ್ತದೆ. ನೆಟ್ಟಗೆ ಹಿಡಿದ ಫೋನಿನಲ್ಲಿ ಅದು ಐದನೇ ಒಂದು ಭಾಗಕ್ಕೆ ಕುಗ್ಗುತ್ತದೆ. ಬಲೂನಿನ ಮಾತು ಓದಲು ಭೂತಗನ್ನಡಿ ಬೇಕು. ಸರಿ, ದೊಡ್ಡ ಟ್ಯಾಬ್ಲೆಟ್ ಕೊಂಡಿರಿ, ಅಡ್ಡ ಹಿಡಿದಿರಿ. 12ನೇ ಪುಟದಿಂದ 13ಕ್ಕೆ ಕೈಚಾಚಿದ ದೈತ್ಯ ಬರಬೇಕು. ಬಂದದ್ದು 11 ಮತ್ತು 12: ಅಡುಗೆಮನೆಯ ಪಕ್ಕ ಅರ್ಧ ದೈತ್ಯ. ಉಳಿದರ್ಧ 14ರ ಜೊತೆ.

ಕಾರಣ ಕೇಳಿದರೆ ನಗು ಬರುತ್ತದೆ. ಅಚ್ಚಿನಲ್ಲಿ 1ನೇ ಪುಟ ಬಲಕ್ಕೆ, ಅದರ ಎದುರು ಮುಖಪುಟದ ಒಳಮೈ. ಡಿಜಿಟಲ್ ಕಡತ ಮಾಡುವವರು ಆ ಒಳಮೈ ಖಾಲಿ ಎಂದು ಕಿತ್ತೆಸೆಯುತ್ತಾರೆ. ಆ್ಯಪ್ ಮುಖಪುಟವನ್ನು ಒಂಟಿಯಾಗಿ ತೋರಿಸಿ, 1ಕ್ಕೆ 2ನ್ನು ಗಂಟುಹಾಕುತ್ತದೆ. ಅಲ್ಲಿಂದ ಕೊನೆಯವರೆಗೂ ಎಲ್ಲ ಜೋಡಿಗಳೂ ಅದಲುಬದಲು. ಕೆಲವು ಆ್ಯಪ್‌ಗಳಲ್ಲಿ ಒಂದು ಪುಟ ಆಚೀಚೆ ಸರಿಸುವ ಸೆಟ್ಟಿಂಗ್ ಇದೆ, ಹಾಗಾಗಿ ಬದುಕಿದೆವು. ನಡುವೆ ಒಂದೇ ಒಂದು ಜಾಹೀರಾತು ಪುಟ ಕಿತ್ತಿದ್ದರೆ ಅಲ್ಲಿಂದಾಚೆ ಮತ್ತೆ ಸರಿಸಬೇಕು.

ತೆರೆಗೆಂದೇ ಬರೆದ, ಮೇಲಿಂದ ಕೆಳಗೆ ಜಾರುವ ವೆಬ್‌ಟೂನ್‌ಗಳಿಗೆ ಈ ಗೋಳಿಲ್ಲ. ಅಲ್ಲಿ ಚಿತ್ರಗಳ ನಡುವಿನ ಖಾಲಿ ಜಾಗವನ್ನೇ ಹಿಗ್ಗಿಸಿ ಮೌನ ಕಟ್ಟುತ್ತಾರೆ. ಖಾಲಿ ಜಾಗದ ಬೆಲೆ ಅವರಿಗೆ ಗೊತ್ತು.

ಈ ಆ್ಯಪಿನವರಿಗೆ ಮಾತ್ರ ಗೊತ್ತಿಲ್ಲ. ಪ್ಯಾನೆಲ್ ಗುರುತಿಸುವ ಜಾಣ ತಂತ್ರಾಂಶ ಬರೆಯಬಲ್ಲವರು, ಕೊಂಡವರ ಕಪಾಟನ್ನೇ ರಾತ್ರೋರಾತ್ರಿ ಬೇರೆ ಆ್ಯಪಿಗೆ ಸಾಗಿಸಬಲ್ಲವರು. ಒಂದು ಬಿಳಿ ಹಾಳೆ ಸೇರಿಸಲು ಏನಯ್ಯಾ ದಾಡಿ? ಕೆಲವೇ ಕಿಲೋಬೈಟ್. ಮುಖಪುಟದ ನಂತರ, 1ರ ಮೊದಲು. ಅಷ್ಟೇ.